ರಿವಾಯತ್ ಪದದ ಕರುಣೆ

2020ರ ಫೆಬ್ರುವರಿಯಲ್ಲಿ ರೋಣ ತಾಲ್ಲೂಕಿನ ಅಸೂಟಿಯ ಲಿಂಗಾಯತ ಮಠಕ್ಕೆ ಮುಸ್ಲಿಂ ಯುವಕರೊಬ್ಬರು ಪಟ್ಟವೇರಿದಾಗ ದೇಶದ ಪತ್ರಿಕೆಗಳೆಲ್ಲ ಅತ್ತ ತಿರುಗಿದವು. ತಿರುಗಬೇಕಾದದ್ದೇ. ಅದೇ ಸೀಮೆಯಲ್ಲಿ ಮೊಹರಮ್ಮಿಗೆ ಅಲಾಯಿ ಕುಣಿಯ (ಬೆಂಕಿ ಹಾಕುವ ಗುಂಡಿಯ) ಸುತ್ತ ವರ್ಷವರ್ಷವೂ ರಿವಾಯತ್ ಪದ, ಅಂದರೆ ಮೊಹರಮ್ಮಿನ ಶೋಕದ ಹಾಡು, ಹಾಡುವವರಿಗೆ ಮಾತ್ರ ‘ಭಾವೈಕ್ಯದ ಹಬ್ಬ’ ಎಂಬ ಫೋಟೊ, ಕೆಳಗೆರಡು ಸಾಲು. ಸಂಶೋಧಕ ರಹಮತ್ ತರೀಕೆರೆಯಂಥ ಕೆಲವರನ್ನು ಬಿಟ್ಟರೆ ಈ ಹಾಡನ್ನು ಕಲೆಯೆಂದು ತೂಗಿ ನೋಡಿದವರು ಕಡಿಮೆ.

ರೋಣ, ನರಗುಂದ, ಗಜೇಂದ್ರಗಡದ ಕಡೆ ಮೊಹರಮ್ಮಿನ ದೇವರು, ಅಂದರೆ ಹಸ್ತದಾಕಾರದ ಪಂಜಾ, ಕೂಡಿಸುವುದು ಇಡೀ ಊರಿನ ಕೆಲಸ. ಮುಸ್ಲಿಮರ ಮನೆಯೇ ಇಲ್ಲದ ಊರುಗಳಲ್ಲೂ ಪಂಜಾಗಳು ಏಳುವುದು ಉತ್ತರ ಕರ್ನಾಟಕಕ್ಕೆ ಹೊಸದಲ್ಲ. ಮೊಹರಮ್ಮಿನ ಕತ್ತಲ ರಾತ್ರಿ ಹೆಜ್ಜೆ ಮೇಳದವರು ಕುಣಿಯುತ್ತ ಹಾಡುವುದು ಕ್ರಿ.ಶ. 680ರ ಕರ್ಬಲಾ ಕಥೆ. ಪ್ರವಾದಿಯ ಮೊಮ್ಮಗ ಹುಸೇನರ ಬಳಗಕ್ಕೆ ಯೂಫ್ರೆಟಿಸ್ ಹೊಳೆಯ ನೀರು ತಡೆದರು, ಕೂಸುಗಳು ಬಾಯಾರಿದವು. ಹಾಡುವವನು ಕುರುಬರವನೋ ಲಿಂಗಾಯತರವನೋ ಆಗಿರಬಹುದು, ಪದ ಅಚ್ಚಗನ್ನಡದ್ದು. ಶಿಶುನಾಳ ಶರೀಫರೂ (1819–1889) ರಿವಾಯತ್ ಪದ ಕಟ್ಟಿದವರೇ.

ಈ ಪದಗಳ ಬಲ ಆ ನೀರಿನಲ್ಲಿದೆ ಎಂದು ನನ್ನ ಎಣಿಕೆ. ಇದು ಮಳೆ ಕೈಕೊಡುವ ನೆಲ. ಹೊಲಕ್ಕೆ ಕಾಲುವೆ ನೀರು ಬರುವ ಮೊದಲೇ ಕರ ಕೇಳಿದ್ದಕ್ಕೆ 1980ರ ಜುಲೈನಲ್ಲಿ ನರಗುಂದದ ರೈತರು ಸಿಡಿದೆದ್ದರು, ಗುಂಡೇಟಿಗೆ ಜೀವ ಹೋಯಿತು. 2015ರ ಜುಲೈನಲ್ಲಿ ಮಹದಾಯಿ ನೀರಿಗಾಗಿ ಅಲ್ಲೇ ಮತ್ತೆ ಧರಣಿ ಕೂತರು. ಇಂಥವರಿಗೆ ಕರ್ಬಲಾದ ದಾಹವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಪರರ ದುಃಖ ತಮ್ಮ ಮಣ್ಣಿನ ಅನುಭವಕ್ಕೆ ತಾಗಿದ್ದರಿಂದಲೇ ಹಾಡಿಗೆ ಜೀವ ಬಂದಿದೆ. ಸಹಿಷ್ಣುತೆಯ ಬಗ್ಗೆ ಒಂದು ಮಾತೂ ಆಡದೆ ಹಾಡುಗಾರ ರಾತ್ರಿಯಿಡೀ ಇನ್ನೊಬ್ಬರ ಸಾವಿಗೆ ಅಳುತ್ತಾನೆ. ವೇದಿಕೆಯ ಮೇಲೆ ಕೈಕೈ ಹಿಡಿದು ಮೇಲೆತ್ತುವ ನಮ್ಮ ಸೌಹಾರ್ದ ಕವಿಗೋಷ್ಠಿಗಳಲ್ಲಿ ಕೇಳಿಸುವುದು ಬಹುಮಟ್ಟಿಗೆ ನಾವೆಷ್ಟು ಒಳ್ಳೆಯವರು ಎಂಬುದೇ. (ನಾನೂ ಅಲ್ಲಿ ಚಪ್ಪಾಳೆ ತಟ್ಟಿದವನೇ.)

ಹಾಗೆಂದು ಎಲ್ಲವನ್ನೂ ಹೊಗಳಲಾಗದು. ಎರಡು ಮೇಳಗಳ ಸವಾಲು–ಜವಾಬು ಜಿದ್ದಿಗೆ ಬಿದ್ದರೆ ಕಥೆ ಮರೆತುಹೋಗಿ ಬೈಗುಳವೇ ಉಳಿಯುತ್ತದೆ. ಈಚೆಗೆ ಸಿನಿಮಾ ಧಾಟಿಗೆ ಪದ ಹೊಸೆಯುವ ಚಟ ಬೇರೆ. ಕೂಸು ಸಾಯುವ ಸಾಲಿಗೆ ಡಿಜೆ ತಾಳ ಹಾಕಿದರೆ ಯಾರ ಕಣ್ಣು ಒದ್ದೆಯಾದೀತು? ಹೆಂಗಸರು ಹರಕೆ ಹೊರುತ್ತಾರೆ, ಚೊಂಗೆ ಎಂಬ ಹಬ್ಬದ ಸಿಹಿ ಮಾಡುತ್ತಾರೆ. ಹೆಜ್ಜೆ ಮೇಳ ಮಾತ್ರ ಗಂಡಸರದೇ. ಕರ್ಬಲಾದಲ್ಲಿ ಬದುಕುಳಿದು ಆ ಕಥೆಯನ್ನು ಲೋಕಕ್ಕೆ ಸಾರಿದವಳು ಹುಸೇನರ ತಂಗಿ ಜೈನಬ್. ಅವಳ ದನಿಯನ್ನು ಗಂಡು ಕೊರಳಿನಿಂದಷ್ಟೇ ಕೇಳುವುದು ಈ ಪರಂಪರೆಯ ದೊಡ್ಡ ಕೊರತೆ.

ಇಷ್ಟಿದ್ದೂ, ಕರುಣೆಯನ್ನು ಕಸುಬಾಗಿ ಕಲಿಸುವ ಇಂಥ ಇನ್ನೊಂದು ಕಲೆ ಈ ಭಾಗದಲ್ಲಿ ನನಗೆ ಕಂಡಿಲ್ಲ. ಮುಂದಿನ ಮೊಹರಮ್ಮಿಗೆ ಈ ಕಡೆ ಬರುವ ಕವಿಗಳು ಫೋಟೊ ತೆಗೆದುಕೊಂಡು ಹಿಂತಿರುಗುವ ಬದಲು ಒಂದು ಪದವನ್ನಾದರೂ ಪೂರ್ತಿ ಕಲಿತು ಹೋಗಲಿ.