ಜೇಬು ಸೇರದ ಫ್ರಾಂಕೆನ್‌ಸ್ಟೈನ್

ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಗೆ ಇನ್ನೂರು ವರ್ಷ ತುಂಬಿದ 2018ರಲ್ಲಿ ಬ್ರಿಟನ್ನಿನ ರಾಯಲ್ ಮಿಂಟ್ ಎರಡು ಪೌಂಡ್ ಮುಖಬೆಲೆಯ ಸ್ಮರಣಾರ್ಥ ನಾಣ್ಯ ತಂದಿತು. ಗಾಥಿಕ್ ಕಥೆಯನ್ನು ಲೋಹಕ್ಕಿಳಿಸಲು ಸಲೀಸಾದ ದಾರಿಯೊಂದು ಎದುರಿಗೇ ಇತ್ತು: 1931ರ ಹಾಲಿವುಡ್ ಚಿತ್ರದಲ್ಲಿ ಬೋರಿಸ್ ಕಾರ್ಲಾಫ್ ತೊಟ್ಟ ಚಪ್ಪಟೆ ನೆತ್ತಿಯ ಮುಖ. ವಿನ್ಯಾಸಕಾರ ಥಾಮಸ್ ಡೋಚರ್ಟಿ ಅತ್ತ ಹೋಗಲಿಲ್ಲ. ನಾಣ್ಯದ ನಡುವೆ ಇರುವುದು ಕಾದಂಬರಿಯ ಹೆಸರು ಮಾತ್ರ, ಅದೂ ಹೃದಯಬಡಿತದ ಗೆರೆಯನ್ನು ನೆನಪಿಸುವ ಚೂಪು ಅಕ್ಷರಗಳಲ್ಲಿ. ಈ ಸಂಯಮವೇ ವಿನ್ಯಾಸದ ಗೆಲುವು. ಕಾದಂಬರಿಯ ಜೀವಿಗೆ ಹೆಸರೇ ಇಲ್ಲ. ಫ್ರಾಂಕೆನ್‌ಸ್ಟೈನ್ ಎಂಬುದು ಅದನ್ನು ಸೃಷ್ಟಿಸಿ ಕೈಬಿಟ್ಟವನ ಹೆಸರು. ರಾಕ್ಷಸನ ಮುಖ ಅಚ್ಚೊತ್ತಿದ್ದರೆ ನೋಡುವವರು ಹೆದರಿ ಸುಮ್ಮನಾಗುತ್ತಿದ್ದರು. ಮಿಡಿಯುವ ಈ ಹೆಸರು ಹೊಣೆ ಯಾರದೆಂದು ಕೇಳುತ್ತದೆ. 1818ರ ಮೊದಲ ಮುದ್ರಣದಲ್ಲಿ ಲೇಖಕಿಯ ಹೆಸರಿರಲಿಲ್ಲ. ನಾಣ್ಯದ ಬರಹದಲ್ಲಿ ಅದಿದೆ.

ಆಕ್ಷೇಪಕ್ಕೂ ಎಡೆಯಿದೆ. ಹೃದಯದ ಮಿಡಿತವನ್ನು ಗೆರೆಯಾಗಿಸುವ ಯಂತ್ರ ಬಂದದ್ದು ಕಾದಂಬರಿಯ ಎಷ್ಟೋ ಕಾಲದ ನಂತರ. ಜೀವ ತುಂಬಿದ ವಿಧಾನವನ್ನಂತೂ ಕಾದಂಬರಿ ಬಿಡಿಸಿ ಹೇಳುವುದಿಲ್ಲ. ಮಿಂಚು, ಯಂತ್ರಗಳ ಅಬ್ಬರ ಸಿನಿಮಾದ ಕೊಡುಗೆ. ಆದರೂ ಆ ಚೂಪು ಅಕ್ಷರಗಳಲ್ಲಿರುವ ವಿದ್ಯುತ್ತಿನ ಸುಳಿವು ಹೊರಗಿನಿಂದ ತಂದು ಅಂಟಿಸಿದ್ದಲ್ಲ. 1803ರಲ್ಲಿ ಜೊವಾನಿ ಅಲ್ದೀನಿ ಲಂಡನ್ನಿನಲ್ಲಿ, ನೇಣಿಗೇರಿದವನ ಶವಕ್ಕೆ ವಿದ್ಯುತ್ ಹರಿಸಿ ಸ್ನಾಯುಗಳು ಅದುರುವುದನ್ನು ತೋರಿಸಿದ್ದ. 1831ರ ಆವೃತ್ತಿಯ ಪೀಠಿಕೆಯಲ್ಲಿ ಶೆಲ್ಲಿಯೇ ಇಂಥ ಪ್ರಯೋಗಗಳ ಮಾತೆತ್ತುತ್ತಾಳೆ. ನಿಜವಾದ ಕೊರತೆ ಬೇರೆ: ನಾಣ್ಯ ಹುಟ್ಟಿನ ಕಿಡಿಯಲ್ಲೇ ನಿಂತುಬಿಡುತ್ತದೆ. ಕಾದಂಬರಿಯ ತೂಕವಿರುವುದು ಆಮೇಲಿನ ಒಂಟಿತನದಲ್ಲಿ, ಜನರ ನಡುವೆ ಜಾಗ ಬೇಡಿ ತಿರಸ್ಕೃತವಾಗುವ ಜೀವಿಯ ಅಳಲಿನಲ್ಲಿ. 28.4 ಮಿಲಿಮೀಟರ್ ಅಗಲದ ಬಿಲ್ಲೆಯಲ್ಲಿ ಎಲ್ಲವನ್ನೂ ಹೇಳಲಾಗದು ಎಂಬ ಸಮಾಧಾನವನ್ನು ಇಲ್ಲಿ ಒಪ್ಪಬಹುದು.

ಒಪ್ಪಲಾಗದ್ದು ಟಂಕಸಾಲೆಯ ನಿರ್ಧಾರ. 2012ರಲ್ಲಿ ಚಾರ್ಲ್ಸ್ ಡಿಕನ್ಸ್ ಸ್ಮರಣೆಯ ಎರಡು ಪೌಂಡ್ ನಾಣ್ಯ ಚಲಾವಣೆಗೆ ಬಂದು ಅಂಗಡಿಯ ಚಿಲ್ಲರೆಯಲ್ಲಿ ಕೈಯಿಂದ ಕೈಗೆ ದಾಟಿತು. ಫ್ರಾಂಕೆನ್‌ಸ್ಟೈನ್ ನಾಣ್ಯಕ್ಕೆ ಆ ಭಾಗ್ಯ ಸಿಗಲಿಲ್ಲ. ಅದು ಮಾರಿಹೋದದ್ದು ಸಂಗ್ರಹಕಾರರ ಕಟ್ಟುಗಳಲ್ಲಿ. ಚಿಲ್ಲರೆಯ ಬಳಕೆಯೇ ಕುಗ್ಗುತ್ತಿರುವಾಗ ಸಂಗ್ರಹಕಾರರೇ ಈ ಕಲೆಯನ್ನು ಉಳಿಸುವವರು ಎಂಬ ವಾದದಲ್ಲಿ ಹುರುಳಿದೆ. ಆದರೆ ಸಂಗ್ರಹಕ್ಕೆ ಪದಕ ಸಾಕು. ಮುಖಬೆಲೆ ಹೊತ್ತದ್ದು ಜನರ ನಡುವೆ ಓಡಾಡಬೇಕು. ಹೊರಗಿಡಲ್ಪಟ್ಟವನ ಕಥೆಯನ್ನು ಸ್ಮರಿಸುವ ನಾಣ್ಯಕ್ಕೆ ಈ ಮಾತು ಇನ್ನಷ್ಟು ಸಲ್ಲುತ್ತದೆ. ವಿನ್ಯಾಸಕಾರ ಕಾದಂಬರಿಯನ್ನು ಓದಿಕೊಂಡಿದ್ದಾನೆ. ಟಂಕಸಾಲೆ ಓದಿದ್ದು ಮಾರುಕಟ್ಟೆಯನ್ನು.