ಚಿಕ್ಕಮೇಳದ ಬಣ್ಣದ ಪೆಟ್ಟಿಗೆ

ಪ್ರವಾಸ ಹೊರಡುವ ಹೆಂಗಸರು ಮುಖಕ್ಕೆ ಹಚ್ಚುವ ಸಾಮಾನುಗಳನ್ನು ಹೇಗೆ ಹಗುರವಾಗಿ ಕಟ್ಟಿಕೊಳ್ಳಬೇಕು ಎಂಬ ಬಗ್ಗೆ ಮಹಿಳಾ ಪುರವಣಿಗಳಲ್ಲಿ ಆಗಾಗ ಲೇಖನ ಬರುತ್ತದೆ. ದೊಡ್ಡ ಬಾಟಲಿ ಬೇಡ, ಪುಟ್ಟ ಡಬ್ಬಿಗೆ ತುಂಬಿಸಿ. ಎರಡು ಕೆಲಸಕ್ಕೆ ಒದಗುವ ಒಂದೇ ವಸ್ತುವನ್ನು ಇಟ್ಟುಕೊಳ್ಳಿ, ಹೀಗೆ. 2006ರ ಬಳಿಕ ವಿಮಾನದ ಕೈಚೀಲದಲ್ಲಿ 100 ಮಿಲಿಲೀಟರಿನ ಕಟ್ಟುಪಾಡು ಬಂದ ಮೇಲಂತೂ ಇದೊಂದು ಶಾಸ್ತ್ರವೇ ಆಗಿದೆ. ಓದಲು ಚೆನ್ನಾಗಿಯೇ ಇರುತ್ತದೆ. ಆದರೆ ಈ ವಿದ್ಯೆಯನ್ನು ಹೊಟ್ಟೆಪಾಡಿಗಾಗಿ ಕಲಿತವರು ಮಳೆಗಾಲದಲ್ಲಿ ನಮ್ಮ ಪುತ್ತೂರು, ಸುಳ್ಯ, ಕಡಬದ ಮನೆಯಂಗಳಕ್ಕೇ ನಡೆದು ಬರುತ್ತಾರೆ. ನಾನು ಹೇಳುವುದು ಚಿಕ್ಕಮೇಳದವರ ವಿಷಯ.

ಊರಿನ ಹೊರಗಿನ ಓದುಗರಿಗಾಗಿ ಒಂದಿಷ್ಟು ವಿವರ. ತುಳುವಿನ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24-25ರ ಸುಮಾರಿಗೆ, ಪತ್ತನಾಜೆ. ಅಂದು ಯಕ್ಷಗಾನದ ದೊಡ್ಡ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ಕಟ್ಟುವುದು ದೀಪಾವಳಿಯ ಆಸುಪಾಸಿನಲ್ಲಿ ಅಥವಾ ಅದು ಕಳೆದ ಮೇಲೆ. ನಡುವಿನ ಐದಾರು ತಿಂಗಳು ಕಲಾವಿದನ ಮನೆಯ ಒಲೆ ಉರಿಯಬೇಕಲ್ಲ? ಆಗ ಒಂದು ಸ್ತ್ರೀವೇಷ, ಒಂದು ಪುರುಷವೇಷ, ಒಬ್ಬರು ಭಾಗವತರು, ಚೆಂಡೆ ಮದ್ದಳೆಯವರು ಸೇರಿ ಸಣ್ಣ ತಂಡ ಕಟ್ಟುತ್ತಾರೆ. ದೀಪ ಹಚ್ಚುವ ಹೊತ್ತಿನಿಂದ ರಾತ್ರಿ ಹತ್ತರ ತನಕ, ಒಪ್ಪಿದ ಮನೆಗಳಿಗೆ ಹೋಗಿ ಹತ್ತು ಹದಿನೈದು ನಿಮಿಷ ಒಂದು ಪ್ರಸಂಗದ ತುಣುಕನ್ನು ಆಡುತ್ತಾರೆ. ಸುಧನ್ವ ಪ್ರಭಾವತಿಯರ ಮಾತುಕತೆಯೋ, ಕೃಷ್ಣ ಸತ್ಯಭಾಮೆಯರ ಸರಸವೋ. ಮನೆಯವರು ದೀಪ, ಅಕ್ಕಿ, ತೆಂಗಿನಕಾಯಿ ಇಟ್ಟು ಕಾಣಿಕೆ ಕೊಡುತ್ತಾರೆ. ಗೆಜ್ಜೆಯ ಸದ್ದು ಮನೆಯೊಳಗೆ ಕೇಳಿದರೆ ಒಳ್ಳೆಯದೆಂಬ ನಂಬಿಕೆ ಹಿರಿಯರಲ್ಲಿ ಇನ್ನೂ ಇದೆ.

ಈ ಚಿಕ್ಕಮೇಳಗಳ ಬಗ್ಗೆ ನಮ್ಮ ಕಲಾಭಿಮಾನಿಗಳಲ್ಲಿ ಹಳೆಯ ಜಗಳವೊಂದಿದೆ. ಆರಾಧನೆಯ ಕಲೆಯನ್ನು ಮನೆಮನೆಗೆ ಒಯ್ದು ಭಿಕ್ಷೆಗೆ ಇಳಿಸಿದರು ಎನ್ನುವವರು ಒಂದು ಕಡೆ, ಮಳೆಗಾಲದ ಗಂಜಿಗೆ ದಾರಿಯಾಯಿತಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಮೇಳದ ಬಗ್ಗೆ ಮಾತನಾಡುತ್ತಾರೆ, ವೇಷದ ಮುಖವನ್ನು ನೋಡುವುದಿಲ್ಲ. ಹೆಂಗಸಾದ ನನಗೆ ಮೊದಲು ಕಾಣಿಸುವುದು ಮುಖ. ಒಂದು ಚಿಕ್ಕಮೇಳ ಕಲೆಯೋ ಅಲ್ಲವೋ ಎಂಬುದನ್ನು ಅದರ ಬಣ್ಣದ ಪೆಟ್ಟಿಗೆಯೇ ಹೇಳುತ್ತದೆ ಎಂಬುದು ನನ್ನ ವಾದ.

ದೊಡ್ಡ ಮೇಳದ ಚೌಕಿಯನ್ನು ನೋಡಿದವರಿಗೆ ಗೊತ್ತು. ಸಾಲಾಗಿ ಚಾಪೆ, ಪ್ರತಿಯೊಬ್ಬನ ಮುಂದೆ ಅವನದೇ ಪೆಟ್ಟಿಗೆ, ಒಂದು ಕನ್ನಡಿ. ಕಥಕಳಿಯಲ್ಲಿ ಚುಟ್ಟಿ ಇಡಲು ಬೇರೆಯೇ ಕಲಾವಿದರಿದ್ದಾರೆ. ನಮ್ಮಲ್ಲಿ ಅವನ ಮುಖವನ್ನು ಅವನೇ ಬರೆದುಕೊಳ್ಳಬೇಕು. ರಾಕ್ಷಸನ ಬಣ್ಣದ ವೇಷಕ್ಕಾದರೆ ಅಕ್ಕಿಹಿಟ್ಟಿಗೆ ಸುಣ್ಣ ಸೇರಿಸಿ ಒಂದೊಂದೇ ಮುಳ್ಳಾಗಿ ಚುಟ್ಟಿ ಇಡುತ್ತ ಗಂಟೆಗಟ್ಟಲೆ ಕೂರಬೇಕು. ಬಸ್ಸು ಲಾರಿ ಇಲ್ಲದ ಕಾಲದಲ್ಲಿ ಇದೆಲ್ಲ ತಲೆಹೊರೆಯಲ್ಲಿ ಊರಿಂದೂರಿಗೆ ಹೋಗುತ್ತಿತ್ತು. ಹೊರುವುದಕ್ಕೆ ಜನ ಇದ್ದರು, ಹಚ್ಚುವುದಕ್ಕೆ ಹೊತ್ತೂ ಇತ್ತು.

ಚಿಕ್ಕಮೇಳಕ್ಕೆ ಎರಡೂ ಇಲ್ಲ. ಕೆಲವು ವರ್ಷಗಳ ಹಿಂದೆ ಸುಳ್ಯದ ಕಡೆ ನೆಂಟರ ಮನೆಯಲ್ಲಿ ಇಂಥ ತಂಡವೊಂದು ವೇಷ ಕಟ್ಟಿಕೊಳ್ಳಲು ಜಗಲಿ ಕೇಳಿತ್ತು. ಸ್ತ್ರೀವೇಷದವರ ಪೆಟ್ಟಿಗೆ ಎಂದರೆ ಮಕ್ಕಳು ಶಾಲೆಗೆ ತರುವ ಬುತ್ತಿಗಿಂತ ತುಸು ದೊಡ್ಡದು. ಬಿಳಿಗೆ ಜಿಂಕ್ ಪುಡಿ, ಹಳದಿ ಒಂದು ಚಿಟಿಕೆ, ಕೆಂಪು, ಕಾಡಿಗೆ, ಅಂಗೈಯಗಲದ ಕನ್ನಡಿ, ಎರಡು ಕಡ್ಡಿ, ಹಳೆಯ ಮಲ್ಲಿನ ತುಂಡು, ಒಂದು ಸಣ್ಣ ಶೀಶೆ ತೆಂಗಿನೆಣ್ಣೆ.

"ಇಷ್ಟರಲ್ಲೇ ಆಗ್ತದಾ ಮಾರಾಯ್ರೇ?" ಎಂದೆ.

"ಇನ್ನೊಂದು ಡಬ್ಬಿ ಸೇರಿದ್ರೆ ಹೊರುವುದು ಯಾರು ಟೀಚರೇ? ಕೊಡೆ ಹಿಡಿಯಲಿಕ್ಕೆ ಒಂದು ಕೈ ಬೇಕಲ್ಲ."

ಆ ಎಣ್ಣೆಯ ಶೀಶೆಯನ್ನು ನಾನು ಮೆಚ್ಚಿಕೊಂಡೆ. ಪುಡಿ ಕಲಸುವುದು ಅದರಲ್ಲೇ, ರಾತ್ರಿ ಬಣ್ಣ ತೆಗೆಯುವುದೂ ಅದರಲ್ಲೇ, ದಿನವೂ ಬ್ಲೇಡು ತಾಗಿ ಉರಿಯುವ ಕೆನ್ನೆಗೆ ಮದ್ದೂ ಅದೇ. ಪುರವಣಿಯವರು ಹೇಳುವ ಎರಡು ಕೆಲಸ ಇಲ್ಲಿ ಮೂರಾಗಿದೆ. ಅಷ್ಟೇ ಅಲ್ಲ, ಎಣ್ಣೆಯಲ್ಲಿ ಕಲಸಿದ ಬಣ್ಣ ಮಳೆಯ ಹನಿಗೆ ಅಷ್ಟು ಸುಲಭದಲ್ಲಿ ಕರಗುವುದಿಲ್ಲ. ಅಡಕೆ ತೋಟದ ಸಂಕ ದಾಟಿ, ಜಾರುವ ಮುರಕಲ್ಲಿನ ಮೆಟ್ಟಿಲು ಹತ್ತಿ, ಆಟಿ ತಿಂಗಳ ಮಳೆಯಲ್ಲಿ ಹತ್ತಾರು ಮನೆ ತಿರುಗಿದ ಮೇಲೂ ಪ್ರಭಾವತಿ ಪ್ರಭಾವತಿಯಾಗಿಯೇ ಉಳಿಯುತ್ತಾಳೆ. ಬಿಳಿಗೆ ಕೆಂಪು ಬೆರೆಸುವುದಕ್ಕೂ ಅರ್ಥವಿದೆ. ಬರೀ ಬಿಳಿ ಬಳಿದರೆ ಬೋಳಿಸಿದ ಗಡ್ಡದ ನೀಲಿ ಕೆಳಗಿನಿಂದ ಇಣುಕಿ ಮುಖ ಬೂದಿಬಡಿದಂತೆ ಕಾಣುತ್ತದೆ; ಕೆಂಪು ಅದನ್ನು ಅಡಗಿಸುತ್ತದೆ.

ಈಗ ನನ್ನ ತಕರಾರು. ಈಚೆಗೆ ಬರುವ ಕೆಲವು ತಂಡಗಳು ಹಗುರ ಮಾಡುವ ಭರದಲ್ಲಿ ಮುಖವನ್ನೇ ಹಗುರ ಮಾಡಿವೆ. ನೀರು ಮುಟ್ಟಿಸಿ ಸ್ಪಂಜಿನಲ್ಲಿ ತಿಕ್ಕುವ ಪ್ಯಾನ್‌ಕೇಕು, ಮೇಲೆ ಟಾಲ್ಕಮ್ ಪೌಡರು, ಒಂದು ಲಿಪ್‌ಸ್ಟಿಕ್ಕು. ಹತ್ತು ನಿಮಿಷದಲ್ಲಿ ಮುಗಿಯಿತು. ನೀರಿನಲ್ಲಿ ಹಚ್ಚಿದ್ದು ನೀರಿನಲ್ಲೇ ಹೋಗುತ್ತದೆ. ಮೂರನೆಯ ಮನೆಗೆ ಬರುವಾಗ ಕೊರಳಿನವರೆಗೆ ಗೀರು. ಹುಬ್ಬು ಕಣ್ಣಿನ ತುದಿ ದಾಟಿ ಹೊರಗೆ ಬರುವುದಿಲ್ಲ, ಹಣೆಯ ಮುದ್ರೆ ಒಂದು ಬೊಟ್ಟಾಗಿರುತ್ತದೆ. ನಮ್ಮ ಶಾಲಾ ವಾರ್ಷಿಕೋತ್ಸವದಲ್ಲಿ ಐದನೇ ಕ್ಲಾಸಿನ ಮಕ್ಕಳಿಗೆ ನಾವು ಟೀಚರುಗಳು ಬಳಿಯುವ ಬಣ್ಣ ಇದಕ್ಕಿಂತ ಗಟ್ಟಿಯಾಗಿರುತ್ತದೆ! ಯಕ್ಷಗಾನದ ಮುಖ ಮನುಷ್ಯನ ಮುಖವಾಗಿ ಉಳಿಯಬಾರದು. ಕಣ್ಣನ್ನು ಕಿವಿಯ ತನಕ ಎಳೆಯುವುದು ಅದಕ್ಕೇ. ಪಕ್ಕದೂರಿನ ಪರಿಚಿತ ಹುಡುಗ ಸೀರೆ ಉಟ್ಟು ನಿಂತಿದ್ದಾನೆ ಎಂದು ತಿಳಿದುಹೋದರೆ ನಾವು ಕೊಡುವ ನೋಟು ಭಿಕ್ಷೆಯೇ ಆಗುತ್ತದೆ. ಟೀಕಿಸುವವರ ಬಾಯಿಗೆ ಅನ್ನ ಹಾಕಿದಂತೆ.

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಹಿಂದಿನವರು ಹಳದಿಗೆ ಅರದಾಳ, ಕೆಂಪಿಗೆ ಇಂಗಲೀಕ ಬಳಸುತ್ತಿದ್ದರು. ಮೊದಲನೆಯದರಲ್ಲಿ ಆರ್ಸೆನಿಕ್, ಎರಡನೆಯದರಲ್ಲಿ ಪಾದರಸ. ಅದನ್ನು ಪೆಟ್ಟಿಗೆಯಿಂದ ತೆಗೆದದ್ದು ಒಳ್ಳೆಯದೇ ಆಯಿತು. ಏನನ್ನು ಬಿಡಬೇಕು, ಏನನ್ನು ಬಿಡಬಾರದು ಎಂಬ ತಿಳಿವಳಿಕೆ ಬೇಕು.

ಈ ಮಾತಿಗೆ ಪುತ್ತೂರಿನವರಿಗೆ ದೂರ ಹುಡುಕಬೇಕಿಲ್ಲ. ಇಲ್ಲಿನ ಬಾಲವನದಲ್ಲಿ ಬಹುಕಾಲ ಬದುಕಿದ ಶಿವರಾಮ ಕಾರಂತರು, 'ಯಕ್ಷಗಾನ ಬಯಲಾಟ' ಪುಸ್ತಕಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದವರು, ರಾತ್ರಿಯಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗಳ ನೃತ್ಯರೂಪಕಕ್ಕೆ ಇಳಿಸಿ ದೇಶವಿದೇಶ ತಿರುಗಿದರು. ಅವರದು ಬಡಗುತಿಟ್ಟು, ನಮ್ಮದು ತೆಂಕು; ಅದು ಬೇರೆ ಮಾತು. ಅವರು ಮಾತುಗಾರಿಕೆಯನ್ನು ಬಿಟ್ಟರು, ಹೊತ್ತನ್ನು ಕತ್ತರಿಸಿದರು, ಅದಕ್ಕಾಗಿ ಬೈಸಿಕೊಂಡರು. ಆದರೆ ವೇಷಭೂಷಣದಲ್ಲಿ ನಾಟಕದ ಥಳಕು ನುಸುಳುವುದನ್ನು ಒಪ್ಪಲಿಲ್ಲ. ಚಿಕ್ಕಮೇಳದವರು ಪ್ರಸಂಗವನ್ನು ಹದಿನೈದು ನಿಮಿಷಕ್ಕಲ್ಲ, ಹತ್ತೇ ನಿಮಿಷಕ್ಕೆ ಇಳಿಸಲಿ. ಭುಜಕೀರ್ತಿ ಸಣ್ಣದಾಗಲಿ, ಮಣಿ ಸರ ಎರಡು ಕಡಿಮೆಯಾಗಲಿ. ಮುಖಕ್ಕೆ ಮಾತ್ರ ಒಂದು ಗಂಟೆ ಕೊಡಲಿ. ನಾಲ್ಕು ಗಂಟೆ ಬಾಳಬೇಕಾದ ಮುಖ ಅದು.

ತಪ್ಪು ಬರೀ ಅವರದಲ್ಲ. ದೊಂದಿಯ ಬೆಳಕಿನಲ್ಲಿ, ಗದ್ದೆಯ ಆಚೆ ಬದಿಯಿಂದ ನೋಡಲೆಂದು ಹುಟ್ಟಿದ ಬಣ್ಣವನ್ನು ನಾವು ಎಲ್‌ಇಡಿ ದೀಪದ ಬಿಳಿ ಬೆಳಕಿನಲ್ಲಿ, ಮೂರಡಿ ದೂರದ ಸೋಫಾದಲ್ಲಿ ಕೂತು ನೋಡುತ್ತೇವೆ. ಸಾಲದ್ದಕ್ಕೆ ಮೊಬೈಲಿನ ಲೈಟು ಬೇರೆ. ಇಂಥಲ್ಲಿ ಎಷ್ಟು ಚೆನ್ನಾದ ಬಣ್ಣವೂ ಗೋಡೆಯ ಸುಣ್ಣದಂತೆ ಕಂಡೀತು. ಕಡಬದ ಹತ್ತಿರದ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಗೆಜ್ಜೆ ಸದ್ದು ಕೇಳಿದ ಕೂಡಲೇ ಲೈಟು ಆರಿಸಿ ಎರಡು ಕಾಲುದೀಪ ಹಚ್ಚಿ, ನಮ್ಮನ್ನೆಲ್ಲ ಗೋಡೆಯ ಬುಡಕ್ಕೆ ಓಡಿಸಿದ್ದನ್ನು ಕಂಡಿದ್ದೇನೆ. ಅಷ್ಟರಿಂದಲೇ ಸುಧನ್ವನ ಕಣ್ಣು ಎದ್ದು ಬಂತು. ಮೊಮ್ಮಕ್ಕಳು ವೀಡಿಯೋ ಸರಿಯಾಗಿ ಬರುವುದಿಲ್ಲವೆಂದು ಗೊಣಗಿದರು. ಅಜ್ಜಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಇನ್ನೊಂದು ಸಣ್ಣ ವಿಷಯ, ಯಾರೂ ಬರೆಯದ್ದು. ಬಣ್ಣ ಹಚ್ಚುವುದಕ್ಕಿಂತ ತೆಗೆಯುವುದು ಕಷ್ಟ. ಕೊನೆಯ ಮನೆ ಮುಗಿಯುವಾಗ ಹತ್ತು ದಾಟಿರುತ್ತದೆ. ಶೀಶೆಯ ಎಣ್ಣೆ ತಳ ಕಂಡಿರುತ್ತದೆ, ಬಟ್ಟೆ ಒದ್ದೆಯಾಗಿರುತ್ತದೆ, ವಾಹನದ ಮಂಕು ಬೆಳಕಿನಲ್ಲಿ ಉಜ್ಜಿ ಉಜ್ಜಿ ಅರ್ಧ ಬಣ್ಣದಲ್ಲೇ ಮಲಗುವವರಿದ್ದಾರೆ. ಮರುದಿನ ಅದೇ ಚರ್ಮದ ಮೇಲೆ ಮತ್ತೆ ಬ್ಲೇಡು, ಮತ್ತೆ ಜಿಂಕ್. ನಿಮ್ಮ ಮನೆ ಆ ದಿನದ ಕೊನೆಯ ಮನೆಯೇ ಎಂದು ಬರುವಾಗಲೇ ಕೇಳಿಕೊಳ್ಳಿ. ಹೌದೆಂದರೆ ಬಚ್ಚಲಿನ ಹಂಡೆಗೆ ಎರಡು ಕೊಡ ನೀರು ಹೆಚ್ಚು ಹಾಕಿ ಬೆಂಕಿ ಮಾಡಿಸಿ, ಒಂದು ಗಿಂಡಿಯಲ್ಲಿ ಎಣ್ಣೆ ಇಡಿ. ಅವರ ಪೆಟ್ಟಿಗೆಯಲ್ಲಿ ಅದಕ್ಕೆ ಜಾಗವಿಲ್ಲ.