ಅಕ್ಷರದಲ್ಲಿ ಕಾಣದ ದನಿ: ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 11ನೆಯ ಅಧ್ಯಾಯವನ್ನು ಓದುವ ಬಗೆ

ಬೆಸಸಂಖ್ಯೆಯ ವರ್ಷಗಳಲ್ಲಿ, ಸಾಮಾನ್ಯ ಕಾಲದ ಹನ್ನೊಂದನೆಯ ವಾರದಂದು, ದಿನಪೂಜೆಯ ಮೊದಲ ವಾಚನವನ್ನು ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಿಂದ ಆರಿಸಲಾಗಿದೆ. ಗುರುವಾರ 11:1-11, ಶುಕ್ರವಾರ 11:18 ಮತ್ತು 21-30, ಶನಿವಾರ 12:1-10. ಶುಕ್ರವಾರದ ವಾಚನದಲ್ಲಿ 19 ಮತ್ತು 20ನೆಯ ವಚನಗಳು ಇಲ್ಲ. ವಾಚನವನ್ನು ಮೊಟಕುಗೊಳಿಸುವುದು ಪೂಜಾವಿಧಿಯಲ್ಲಿ ಹೊಸದಲ್ಲ. ಅದಕ್ಕೆ ಪಾಲನಾ ದೃಷ್ಟಿಯ ಕಾರಣಗಳೂ ಇರುತ್ತವೆ. ಆದರೆ ಈ ಎರಡು ವಚನಗಳು ಇಡೀ ಅಧ್ಯಾಯದ ದನಿಯನ್ನು ಹಿಡಿಯಲು ಓದುಗನಿಗೆ ದೊರೆಯುವ ಮುಖ್ಯವಾದ ಕೀಲಿಕೈ ಎಂಬುದು ಈ ಲೇಖನದ ವಾದ. ಅವನ್ನು ಕಳೆದುಕೊಂಡ ಓದು ಎಲ್ಲಿಗೆ ಮುಟ್ಟಬಹುದೆಂಬುದನ್ನು ನಾನು ನನ್ನದೇ ತಪ್ಪಿನಿಂದ ಕಲಿತೆನಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

1. ಒಂದು ತಪ್ಪು ಓದು

ಗುರುದೀಕ್ಷೆ ಪಡೆದ ಹೊಸತರಲ್ಲಿ ನಾನು ಬೆಂಗಳೂರಿನ ಪಶ್ಚಿಮ ಭಾಗದ ಒಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ವಾರಕ್ಕೊಮ್ಮೆ ಮನೆಯೊಂದರಲ್ಲಿ ಹತ್ತು ಹದಿನೈದು ಜನ ಸೇರಿ ಬೈಬಲ್ ಓದುವ ಕೂಟವಿತ್ತು. ಅಂದು ಈ ಅಧ್ಯಾಯವನ್ನು ಪೂರ್ತಿಯಾಗಿ ಓದಿದೆವು. 20ನೆಯ ವಚನದಲ್ಲಿ ಪೌಲರು ಕೊರಿಂಥದವರ ತಾಳ್ಮೆಯನ್ನು ಎಣಿಸಿ ಹೇಳುತ್ತಾರೆ: ಯಾರಾದರೂ ಅವರನ್ನು ಗುಲಾಮರನ್ನಾಗಿ ಮಾಡಿಕೊಂಡರೂ, ಅವರದ್ದನ್ನು ತಿಂದು ತೇಗಿದರೂ, ಅವರ ಮೇಲೆ ದರ್ಪ ತೋರಿದರೂ, ಕೊನೆಗೆ ಮುಖಕ್ಕೆ ಹೊಡೆದರೂ ಅವರು ಸಹಿಸಿಕೊಳ್ಳುತ್ತಾರಂತೆ. ನಾನು ಇದನ್ನು ಕ್ರೈಸ್ತ ಸಹನೆಗೆ ಪೌಲರು ಕೊಟ್ಟ ಪ್ರಶಂಸೆಯೆಂದು ವಿವರಿಸಿದೆ. ಕೂಟ ಮುಗಿದ ಮೇಲೆ ಒಬ್ಬ ಗೃಹಿಣಿ ಬಾಗಿಲ ಬಳಿ ನಿಂತು, "ಫಾದರ್, ಹೊಡೆದರೂ ಸಹಿಸಿಕೊಂಡಿರಬೇಕು ಅಂತ ಪೌಲರೂ ಹೇಳಿದ್ದಾರೆ, ಅಲ್ಲವಾ?" ಎಂದು ಕೇಳಿದರು. ನಾನು ಹೌದೆಂದೆ. ಆಕೆ ಯಾಕೆ ಕೇಳಿದರೆಂದು ವಿಚಾರಿಸುವಷ್ಟು ವಿವೇಕವೂ ಅಂದು ನನಗಿರಲಿಲ್ಲ. ಅವರ ಮನೆಯ ಪರಿಸ್ಥಿತಿ ಅನಂತರ ಬೇರೆಯವರಿಂದ ತಿಳಿಯಿತು.

ನಾನು ಪದಗಳನ್ನು ತಪ್ಪಾಗಿ ಓದಿರಲಿಲ್ಲ. ದನಿಯನ್ನು ತಪ್ಪಾಗಿ ಕೇಳಿದ್ದೆ. ಅಲ್ಲಿ ಇದ್ದದ್ದು ಪ್ರಶಂಸೆಯಲ್ಲ, ನೋವು ತುಂಬಿದ ಕಟಕಿ. ಸಭೆಯನ್ನು ಹೊಡೆದು ಆಳುವವರನ್ನು ದೊಡ್ಡವರೆಂದು ಒಪ್ಪಿಕೊಂಡು, ಹೊಡೆಯದ ಅಪೊಸ್ತಲನನ್ನು ಅಲಕ್ಷಿಸಿದ್ದಕ್ಕೆ ಪೌಲರು ಕೊರಿಂಥದವರನ್ನು ಚುಚ್ಚುತ್ತಿದ್ದಾರೆ. ಅವರು ಖಂಡಿಸಿದ್ದನ್ನೇ ಅವರ ಬೋಧನೆಯೆಂದು ನಾನು ಹೇಳಿದ್ದೆ.

2. ಕನ್ನಡದ ಕಿವಿ ಬಲ್ಲ ಸಂಗತಿ

ಇಲ್ಲಿ 'ದನಿ' ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. 'ಧ್ವನಿ' ಎಂಬುದು ಆನಂದವರ್ಧನನಿಂದೀಚೆಗೆ ಕಾವ್ಯಮೀಮಾಂಸೆಯಲ್ಲಿ ಸೂಚ್ಯಾರ್ಥಕ್ಕೆ ನಿಂತುಹೋದ ಪಾರಿಭಾಷಿಕ ಪದ. ನಾವು ಹುಡುಕುತ್ತಿರುವುದು ಅದಕ್ಕಿಂತ ಸರಳವಾದದ್ದು: ಬರೆದವನು ತನ್ನ ಮಾತಿನ ಕಡೆಗೂ ಕೇಳುವವರ ಕಡೆಗೂ ತಳೆದಿರುವ ಭಾವ. ಇದಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಸಮೀಪದ ಪದ 'ಕಾಕು'. ಶೋಕ, ಭಯ ಮುಂತಾದವುಗಳಿಂದ ಸ್ವರದಲ್ಲಿ ಆಗುವ ವಿಕಾರವೆಂದು ಅಮರಕೋಶ ಅದನ್ನು ಗುರುತಿಸುತ್ತದೆ. ರುದ್ರಟನು ಕಾಕುವಕ್ರೋಕ್ತಿಯನ್ನು ಅಲಂಕಾರಗಳಲ್ಲಿ ಸೇರಿಸಿದಾಗ ರಾಜಶೇಖರನು ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಆಕ್ಷೇಪಿಸಿದನು: ಕಾಕು ಅಭಿಪ್ರಾಯಪೂರ್ವಕವಾದ ಪಠನಧರ್ಮ, ಅದು ಅಲಂಕಾರವಾಗುವುದು ಹೇಗೆ? ದನಿ ಬರೆಹಕ್ಕೆ ಸೇರಿದ್ದೋ ಓದುವವನಿಗೆ ಸೇರಿದ್ದೋ ಎಂಬ ಈ ಪ್ರಶ್ನೆ ವಾಚಕಪೀಠದ ಮುಂದೆ ನಿಲ್ಲುವ ಪ್ರತಿಯೊಬ್ಬರ ಪ್ರಶ್ನೆಯೂ ಹೌದು.

ವ್ಯವಹಾರದ ಕನ್ನಡದಲ್ಲಿ ನಾವು ಇದನ್ನು ದಿನವೂ ಬಿಡಿಸುತ್ತೇವೆ. ಹೊತ್ತೇರಿ ಎದ್ದ ಮಗನಿಗೆ ತಾಯಿ "ಮಹಾರಾಜರು ಎದ್ದರೇನು?" ಎಂದು ಕೇಳಿದರೆ, ಮಗನು ತನಗೆ ಪಟ್ಟ ದೊರೆಯಿತೆಂದು ಭಾವಿಸುವುದಿಲ್ಲ. ಅಳತೆ ಮೀರಿದ ಬಹುವಚನ ಗೌರವವೇ ಕಟಕಿಯ ಗುರುತೆಂದು ಮನೆಯ ಮಗುವಿಗೂ ಗೊತ್ತು. ದಾಸರ ನಿಂದಾಸ್ತುತಿಗಳನ್ನು ಕೇಳಿ ಬೆಳೆದ ನಾಡಿನಲ್ಲಿ ಬೈಗುಳದ ಒಳಗಿನ ಭಕ್ತಿಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಹೊಗಳಿಕೆಯ ವೇಷದ ತೆಗಳಿಕೆ, ತೆಗಳಿಕೆಯ ವೇಷದ ಹೊಗಳಿಕೆ ಎರಡನ್ನೂ ವ್ಯಾಜಸ್ತುತಿಯೆಂಬ ಒಂದೇ ಹೆಸರಿನಡಿ ಆಲಂಕಾರಿಕರು ತಂದರು. ಇಂಥ ಕಿವಿಯುಳ್ಳ ನಾವು ಪವಿತ್ರ ಗ್ರಂಥವನ್ನು ಕೈಗೆತ್ತಿಕೊಂಡ ಕೂಡಲೆ ಕಿವುಡರಾಗುವುದೇಕೆ? ಎಲ್ಲವೂ ದೇವರ ವಾಕ್ಯವಾದ್ದರಿಂದ ಎಲ್ಲವೂ ಒಂದೇ ಗಂಭೀರ ದನಿಯಲ್ಲಿರಬೇಕೆಂಬ ಭಕ್ತಿಯ ಊಹೆಯೇ ಕಾರಣವೆಂದು ತೋರುತ್ತದೆ. ಆದರೆ 1965ರ 'ದೇಯಿ ವೆರ್ಬುಮ್' ಸಂವಿಧಾನವು ತನ್ನ 12ನೆಯ ಪರಿಚ್ಛೇದದಲ್ಲಿ ಬೇರೆಯದನ್ನೇ ಕಲಿಸುತ್ತದೆ: ದೇವರು ಮಾನವರ ಮೂಲಕ, ಮಾನವರ ರೀತಿಯಲ್ಲಿ ಮಾತಾಡಿದ್ದಾರೆ, ಆದುದರಿಂದ ಲೇಖಕನು ಏನನ್ನು ಉದ್ದೇಶಿಸಿದನೆಂದು ತಿಳಿಯಲು ಆತನ ಕಾಲದ ಸಾಹಿತ್ಯ ಪ್ರಕಾರಗಳನ್ನೂ ಮಾತಿನ ರೂಢಿಗಳನ್ನೂ ಗಮನಿಸಬೇಕು. ಕಟಕಿಯೂ ಮಾನವರ ರೀತಿಯೇ.

3. ದನಿಯ ಗುರುತುಗಳು

ದನಿಯನ್ನು ಗುರುತಿಸುವುದು ಊಹೆಯ ಆಟವಲ್ಲ. ಪಠ್ಯವೇ ಸಾಕ್ಷ್ಯಗಳನ್ನು ಕೊಡುತ್ತದೆ. ಮೊದಲನೆಯದು ಲೇಖಕನ ಸ್ವಂತ ಹೇಳಿಕೆ. ಈ ಅಧ್ಯಾಯದಲ್ಲಿ ಪೌಲರು ತಾವು ಬುದ್ಧಿಗೇಡಿಯಂತೆ ಮಾತಾಡುತ್ತಿರುವುದಾಗಿ ಮತ್ತೆ ಮತ್ತೆ ಎಚ್ಚರಿಸುತ್ತಾರೆ (11:1, 16, 17, 21, 23). 17ನೆಯ ವಚನದಲ್ಲಂತೂ ತಮ್ಮ ಈ ಮಾತು ಪ್ರಭುವಿನ ರೀತಿಯ ಮಾತಲ್ಲವೆಂದೇ ಹೇಳಿಕೊಳ್ಳುತ್ತಾರೆ. ಇದು ವೇಷ ಕಟ್ಟಿದ ಮಾತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿಲ್ಲ.

ಎರಡನೆಯದು, ಮಾತಿಗೂ ಈಗಾಗಲೇ ತಿಳಿದಿರುವ ಸಂಗತಿಗೂ ಇರುವ ವಿರೋಧ. 19ನೆಯ ವಚನದಲ್ಲಿ ಕೊರಿಂಥದವರು 'ಫ್ರೋನಿಮೊಯ್', ಎಂದರೆ ಜಾಣರು. ಅದೇ ಪದ ಮೊದಲನೆಯ ಪತ್ರದ 4:10ರಲ್ಲಿಯೂ ಇದೆ. ಅದಕ್ಕೆ ಎರಡೇ ವಚನಗಳ ಮೊದಲು (4:8) ಅವರನ್ನು ಈಗಾಗಲೇ ಸಿರಿವಂತರೂ ಅರಸರೂ ಆಗಿಬಿಟ್ಟವರೆಂದು ಬಣ್ಣಿಸಲಾಗಿದೆ. ಅವರನ್ನೇ 3:1ರಲ್ಲಿ ಇನ್ನೂ ಹಾಲುಗೂಸುಗಳೆಂದು ಕರೆದಿದ್ದವರು ಪೌಲರು. ಹಾಲುಗೂಸು ಒಂದೇ ಅಧ್ಯಾಯದೊಳಗೆ ಅರಸನಾಗುವುದಿಲ್ಲ. ತಾಯಿಯ 'ಮಹಾರಾಜರು' ಇಲ್ಲಿಯೂ ಕೇಳಿಸುತ್ತಾರೆ. ಆದರೆ ಪದವೊಂದೇ ದನಿಯನ್ನು ನಿರ್ಧರಿಸದೆಂಬುದನ್ನೂ ಮರೆಯಬಾರದು. ಅದೇ ಪದ 10:15ರಲ್ಲಿ ಮತ್ತೆ ಬಂದಾಗ ಪೌಲರು ಅವರ ವಿವೇಚನೆಗೆ ನಿಜವಾಗಿಯೇ ಮೊರೆಯಿಡುತ್ತಿರುವಂತೆ ತೋರುತ್ತದೆ. ದನಿ ಪದದಲ್ಲಿಲ್ಲ, ಪದವನ್ನು ಇಟ್ಟ ಸಂದರ್ಭದಲ್ಲಿದೆ.

ಮೂರನೆಯದು ರೂಢಿಯ ಭಂಗ. ಪೌಲರು ಸಾಮಾನ್ಯವಾಗಿ ವಂದನೆಯ ಬೆನ್ನಿಗೇ ಕೃತಜ್ಞತಾಸ್ತುತಿಯನ್ನು ಇಡುತ್ತಾರೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅದಿಲ್ಲ. ಆ ಜಾಗದಲ್ಲಿ ಆಶ್ಚರ್ಯ ಮತ್ತು ಆಕ್ಷೇಪ ಇವೆ (1:6). ಇಲ್ಲದಿರುವುದೂ ದನಿಯ ಗುರುತೇ. ನಮ್ಮ ಪತ್ರದಲ್ಲಿಯೂ 10ನೆಯ ಅಧ್ಯಾಯದಿಂದ ದನಿ ಎಷ್ಟು ತೀವ್ರವಾಗಿ ಬದಲಾಗುತ್ತದೆಂದರೆ, 10ರಿಂದ 13ರವರೆಗಿನ ಅಧ್ಯಾಯಗಳು ಬೇರೆಯೇ ಒಂದು ಪತ್ರವಾಗಿದ್ದವೆಂದು ಜರ್ಮನ್ ವಿದ್ವಾಂಸ ಹೌಸ್‌ರಾತ್ 1870ರಲ್ಲಿ ವಾದಿಸಿದನು. ಆ ವಾದವನ್ನು ಒಪ್ಪಲಿ ಬಿಡಲಿ, ಅದರ ಮುಖ್ಯ ಆಧಾರಗಳಲ್ಲಿ ದನಿಯೂ ಒಂದೆಂಬುದು ಗಮನಾರ್ಹ.

ದನಿ ಕಾಗದದಲ್ಲಿ ಸೋರಿಹೋಗುತ್ತದೆಂಬ ಅರಿವು ಪೌಲರಿಗೇ ಇತ್ತು. ಗಲಾತ್ಯ 4:20ರಲ್ಲಿ ಅವರು ಈಗಲೇ ಅವರೊಡನಿದ್ದು ತಮ್ಮ 'ಫೋನೇ'ಯನ್ನು, ಎಂದರೆ ಸ್ವರವನ್ನು, ಬದಲಿಸಲು ಹಂಬಲಿಸುತ್ತಾರೆ. ಕೊರಿಂಥದಲ್ಲಂತೂ ಪತ್ರದ ಪೌಲರಿಗೂ ಎದುರಿಗೆ ನಿಂತ ಪೌಲರಿಗೂ ಹೊಂದಿಕೆಯಿಲ್ಲವೆಂಬುದೇ ವಿರೋಧಿಗಳ ಆರೋಪವಾಗಿತ್ತು (10:10).

4. ಒಂದು ಪದ, ನಾಲ್ಕು ದನಿ

ಆ ಆರೋಪದ ಮಾತಿನಲ್ಲಿಯೇ ಈ ಅಧ್ಯಾಯದ ಹೃದಯವಿದೆ. ಎದುರಿಗಿದ್ದಾಗ ಪೌಲರು 'ಅಸ್ಥೆನೇಸ್', ಬಲಹೀನರು, ಎನ್ನುತ್ತಾರೆ ವಿರೋಧಿಗಳು. ಇದು ಹಂಗಿಸುವ ದನಿ. 11:21ರಲ್ಲಿ ಪೌಲರು ಅದೇ ಧಾತುವನ್ನು ಎತ್ತಿಕೊಂಡು, ಹೀಗೆ ಗುಲಾಮರನ್ನಾಗಿಸಿ ಮುಖಕ್ಕೆ ಹೊಡೆಯುವಷ್ಟು ಬಲ ತಮಗಿರಲಿಲ್ಲವೆಂದು ನಾಚಿಕೆಯಿಂದ ಒಪ್ಪಿಕೊಂಡಂತೆ ನಟಿಸುತ್ತಾರೆ. ಇದು ಕಟಕಿಯ ದನಿ. 11:29ರಲ್ಲಿ ಬಲಹೀನನಾದ ಯಾವನೊಡನೆಯೂ ತಾವು ಬಲಹೀನರಾಗದೆ ಇಲ್ಲವೆನ್ನುವಾಗ ಅದೇ ಧಾತು ಕುರುಬನ ಕನಿಕರದ ದನಿಯಾಗುತ್ತದೆ. 12:9-10ರಲ್ಲಿ ಅದು ಕೃಪೆಯ ಮುಂದೆ ಬರಿಗೈಯಲ್ಲಿ ನಿಂತವನ ಆನಂದದ ದನಿ. ಬೈಗುಳವಾಗಿ ಬಂದ ಪದ ಕಟಕಿಯ ಮೂಲಕ ಹಾದು, ಕನಿಕರವಾಗಿ, ಕೊನೆಗೆ ಸುವಾರ್ತೆಯಾಗುತ್ತದೆ.

ಈಗ ಶುಕ್ರವಾರದ ವಾಚನಕ್ಕೆ ಮರಳೋಣ. 20ನೆಯ ವಚನವನ್ನು ತೆಗೆದ ಮೇಲೆ 21ನೆಯ ವಚನದ ಬಲಹೀನತೆ ಯಾವುದಕ್ಕೆ ಸಂಬಂಧಿಸಿದ್ದೆಂದು ಕೇಳುವವರಿಗೆ ತಿಳಿಯುವುದಿಲ್ಲ. ಅದು ಒಬ್ಬ ದೀನ ಅಪೊಸ್ತಲನ ನೇರ ತಪ್ಪೊಪ್ಪಿಗೆಯಂತೆ ಕೇಳಿಸುತ್ತದೆ. ಮರುದಿನ ಶನಿವಾರ ನಿಜವಾದ ಬಲಹೀನತೆಯ ಮಾತು ಬಂದಾಗ, ಎರಡೂ ಒಂದೇ ದನಿಯಲ್ಲಿ ಬೆರೆತುಹೋಗುತ್ತವೆ. ಪರಿಣಾಮವಾಗಿ ಎರಡು ಬಗೆಯ ಸಹನೆಗಳ ನಡುವಣ ಗೆರೆ ಅಳಿಸುತ್ತದೆ. ಪೌಲರೇ ಐದು ಸಾರಿ ಒಂದು ಕಡಿಮೆ ನಲವತ್ತು ಏಟುಗಳನ್ನೂ ಮೂರು ಸಾರಿ ಬೆತ್ತದ ಹೊಡೆತವನ್ನೂ ತಿಂದವರು (11:24-25). ಹೊಡೆತ ತಿಂದ ಅದೇ ಮನುಷ್ಯ, ಹೊಡೆಯುವವರಿಗೆ ಮಣಿದ ಸಭೆಯನ್ನು ಕಟುವಾಗಿ ಮೂದಲಿಸುತ್ತಾರೆ. ಸುವಾರ್ತೆಗಾಗಿ ಅನುಭವಿಸಿದ ಕಷ್ಟ ಬೇರೆ. ದರ್ಪಕ್ಕೆ ತಲೆಬಾಗಿ ಅದನ್ನೇ ಭಕ್ತಿಯೆಂದು ಕರೆಯುವುದು ಬೇರೆ. ಈ ಭೇದವನ್ನು ಪೌಲರು ಸಿದ್ಧಾಂತವಾಗಿ ಹೇಳಿಲ್ಲ, ದನಿಯಿಂದ ಹೇಳಿದ್ದಾರೆ. ದನಿ ತಪ್ಪಿದರೆ ಸಿದ್ಧಾಂತವೂ ತಪ್ಪುತ್ತದೆ.

ಇನ್ನೊಂದು ಕೆನ್ನೆಯನ್ನು ಒಡ್ಡುವ ಬೋಧನೆ (ಮತ್ತಾಯ 5:39) ಇಲ್ಲವೇ ಎಂದು ಕೇಳಬಹುದು. ಇದೆ, ಅದನ್ನು ಅದರ ಜಾಗದಲ್ಲಿಯೇ ಓದಬೇಕು. ಮಹಾಯಾಜಕನ ಮುಂದೆ ಕೆನ್ನೆಗೆ ಏಟು ಬಿದ್ದಾಗ ಪ್ರಭು ಯೇಸು ಸೇಡು ತೀರಿಸಲಿಲ್ಲ, ಆದರೆ ಸುಮ್ಮನಿರಲೂ ಇಲ್ಲ. ಹೊಡೆದವನಿಂದ ಕಾರಣ ಕೇಳಿದರು (ಯೊವಾನ್ನ 18:23). ಏನೇ ಆಗಲಿ, ಕೊರಿಂಥ ಪತ್ರದ 11:20 ಆ ಬೋಧನೆಗೆ ಆಧಾರವಾಗದು.

5. ಒಂದು ಎಚ್ಚರಿಕೆ

ದನಿಯ ಓದಿಗೆ ದುರುಪಯೋಗವೂ ಉಂಟು. ನಮಗೆ ಕಷ್ಟವೆನಿಸಿದ ಮಾತನ್ನೆಲ್ಲ ವ್ಯಂಗ್ಯವೆಂದು ಕರೆದು ಜಾರಿಕೊಳ್ಳುವುದು ಸುಲಭ. ಸಿರಿಯಾದ ಫಿನಿಷಿಯಾ ಮೂಲದ ತಾಯಿಗೆ ಯೇಸು ಕೊಟ್ಟ ಒರಟಾದ ಉತ್ತರವನ್ನು (ಮಾರ್ಕ 7:27) ಮೃದುಗೊಳಿಸಲು, ಅವರು ಮುಗುಳ್ನಗುತ್ತ ಹೇಳಿರಬೇಕೆಂದು ಪ್ರಬೋಧನೆಗಳಲ್ಲಿ ಕೇಳುತ್ತೇವೆ. ಆ ನಗು ಪಠ್ಯದಲ್ಲಿಲ್ಲ. ಸತ್ಯದ ಬಗ್ಗೆ ಪಿಲಾತನು ಕೇಳಿದ ಪ್ರಶ್ನೆ (ಯೊವಾನ್ನ 18:38) ತಾತ್ಸಾರವೋ ಬಳಲಿಕೆಯೋ ಎಂದು ನಿರ್ಣಯಿಸಲು ಶುಭಸಂದೇಶಕಾರನು ನಮಗೆ ನೆರವಾಗುವುದಿಲ್ಲ. ಸಾಕ್ಷ್ಯವಿಲ್ಲದ ಕಡೆ ದನಿಯನ್ನು ತೆರೆದೇ ಬಿಡುವುದು ಪ್ರಾಮಾಣಿಕತೆ. ಸಂತ ಅಗಸ್ಟೀನರು 'ಕ್ರೈಸ್ತ ಬೋಧನೆ'ಯ ಮೂರನೆಯ ಭಾಗದಲ್ಲಿ, ಉಚ್ಚಾರಣೆಯಿಂದ ಸಂದಿಗ್ಧವಾಗುವ ವಾಕ್ಯಗಳನ್ನು ವಿಶ್ವಾಸದ ನಿಯಮದಿಂದಲೂ ಹಿಂದುಮುಂದಿನ ಸಂದರ್ಭದಿಂದಲೂ ಬಿಡಿಸಬೇಕೆಂದು ಕಲಿಸಿದರು. ಅದೇ ಗ್ರಂಥದ ನಾಲ್ಕನೆಯ ಭಾಗದಲ್ಲಿ ಅವರು ವಾಕ್ಚಾತುರ್ಯದ ನಿದರ್ಶನವಾಗಿ ದೀರ್ಘವಾಗಿ ವಿಶ್ಲೇಷಿಸಿದ್ದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 11:16-30ನ್ನು. ಅವರು 19, 20ನೆಯ ವಚನಗಳನ್ನು ಬಿಟ್ಟಿರಲಿಲ್ಲ.

6. ಅನುವಾದಕ, ವಾಚಕ, ಬೋಧಕ

ಇದರಿಂದ ಮೂವರ ಹೊಣೆ ಸ್ಪಷ್ಟವಾಗುತ್ತದೆ. ಪ್ರಾಚೀನ ಗ್ರೀಕ್ ಹಸ್ತಪ್ರತಿಗಳಲ್ಲಿ ಇಂದಿನಂಥ ಲೇಖನಚಿಹ್ನೆಗಳಿಲ್ಲ. ಮೊದಲನೆಯ ಪತ್ರದ 4:8 ಹೇಳಿಕೆಯೋ ಪ್ರಶ್ನೆಯೋ ಎಂಬುದು ಸಂಪಾದಕರ ತೀರ್ಮಾನ. ಕನ್ನಡದ ಅನುವಾದಕನು 'ಆಗಿದ್ದೀರಿ' ಎನ್ನಬೇಕೋ 'ಆಗಿದ್ದೀರೋ' ಎನ್ನಬೇಕೋ ಎಂದು ಆರಿಸಲೇಬೇಕು. ಒಂದು ಪ್ರತ್ಯಯದಲ್ಲಿ ದನಿಯೇ ತಿರುಗುತ್ತದೆ. ಹಾಗೆಯೇ, ಮೇಲೆ ಹೇಳಿದ ನಾಲ್ಕು ಕಡೆಯೂ 'ಬಲಹೀನ' ಎಂಬ ಒಂದೇ ಪದವನ್ನು ಉಳಿಸಿಕೊಂಡರೆ ಕನ್ನಡದ ಕೇಳುಗನಿಗೂ ಆ ಪದದ ಪಯಣ ಕೇಳಿಸುತ್ತದೆ. ಅಂದಕ್ಕಾಗಿ ಪದ ಬದಲಿಸಿದರೆ ಕೇಳಿಸುವುದಿಲ್ಲ.

ವಾಚಕರ ವಿಷಯ. ರಾಜಾಜಿನಗರದಿಂದ ಕೆಂಗೇರಿಯವರೆಗಿನ ನಮ್ಮ ಕನ್ನಡ ಪೂಜೆಗಳಲ್ಲಿ ವಾಚನ ಮಾಡುವವರ ಮನೆಮಾತು ತಮಿಳೋ ಕೊಂಕಣಿಯೋ ಮಲಯಾಳವೋ ಆಗಿರುವುದುಂಟು. ಅವರು ಅಕ್ಷರ ತಪ್ಪದಂತೆ ಶ್ರದ್ಧೆಯಿಂದ ಓದುತ್ತಾರೆ. ನಾವು ಅವರಿಗೆ ಉಚ್ಚಾರಣೆಯನ್ನು ಮಾತ್ರ ಕಲಿಸಿದ್ದೇವೆ. ಕುಮಾರವ್ಯಾಸನನ್ನು ವಾಚಿಸುವ ಗಮಕಿಯು ಪದ್ಯದ ಭಾವವನ್ನು ಅರಿಯದೆ ರಾಗವನ್ನು ಆರಿಸುವುದಿಲ್ಲ. ವಾಚನಕ್ಕೆ ನಾಟಕೀಯತೆ ಬೇಡ. ಆದರೆ ಇಲ್ಲಿ ಯಾರು, ಯಾರಿಗೆ, ಯಾವ ಮನಸ್ಸಿನಿಂದ ಮಾತಾಡುತ್ತಿದ್ದಾರೆಂಬ ಒಂದು ಮಾತನ್ನು ಹಿಂದಿನ ದಿನವೇ ವಾಚಕರಿಗೆ ತಿಳಿಸುವುದು ಧರ್ಮಕೇಂದ್ರದ ಗುರುವಿಗೆ ಅಸಾಧ್ಯವಲ್ಲ. ಬೋಧಕನಾದರೋ ಬಿಟ್ಟುಹೋದ ವಚನಗಳನ್ನು ತೆರೆದು ನೋಡದೆ ಪ್ರಬೋಧನೆಗೆ ಏಳಬಾರದು.

ಈ ಅಧ್ಯಾಯದ ದನಿ ನನಗೆ ಕೇಳಿಸಿದ್ದು ಕೆಲವು ವರ್ಷಗಳ ಅನಂತರ, ಉನ್ನತ ವ್ಯಾಸಂಗದ ತರಗತಿಯಲ್ಲಿ. ಆ ಸೋದರಿಗೆ ಕೊಟ್ಟ ಉತ್ತರವನ್ನು ತಿದ್ದಬೇಕೆಂದು ಹುಡುಕಿಕೊಂಡು ಹೋದಾಗ ಆ ಕುಟುಂಬ ಬಾಡಿಗೆ ಮನೆಯನ್ನು ಬಿಟ್ಟು ಬೇರೆ ಬಡಾವಣೆಗೆ ಹೋಗಿತ್ತು. ವಿಳಾಸ ಯಾರಿಗೂ ತಿಳಿದಿರಲಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಈ ಅಧ್ಯಾಯವನ್ನು ಪಾಠ ಮಾಡುವಾಗ ಪ್ರತಿ ವರ್ಷವೂ ಮೊದಲು ಅವರಿಂದ ಜೋರಾಗಿ ಓದಿಸುತ್ತೇನೆ. 20ನೆಯ ವಚನಕ್ಕೆ ಬಂದಾಗ ನಿಲ್ಲಿಸಿ, ಬಾಗಿಲ ಬಳಿ ನಿಂತ ಒಬ್ಬ ತಾಯಿ ಇದನ್ನು ಕೇಳಿಸಿಕೊಳ್ಳುತ್ತಿದ್ದಾರೆಂದು ತಿಳಿದು ಮತ್ತೊಮ್ಮೆ ಓದಿ ಎನ್ನುತ್ತೇನೆ.